ಜುಮ್ ಎನ್ನುವ ಮೆಷಿನ್ನು

ಸಂಬಳದ ದಿನ ಬೇರೆಯವರ ಗಂಡಂದಿರು ಮೊಳ ಹೂವು ತಂದರೆ ನಮ್ಮವರು ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ ತರುತ್ತಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಹಗಲೆಲ್ಲ ಕಬ್ಬಿಣದ ಜೊತೆ ಹೆಣಗಿದ್ದು ಸಾಲದೆ ಸಂಜೆಗೂ ಅದೇ ಬೇಕು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ವೈಟ್‌ಫೀಲ್ಡಿನ ಹಳೇ ಬಂಗಲೆಗಳಲ್ಲಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳು ಒಂದೊಂದಾಗಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದವು. ಹೊರಡುವಾಗ ಮನೆಸಾಮಾನು ಮಾರುತ್ತಿದ್ದರು. ಎಲ್ಲರೂ ಕುರ್ಚಿ, ಮಂಚ, ಪಿಂಗಾಣಿ ನೋಡಿದರೆ ಇವರು ನೆಟ್ಟಗೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಸಾಮಾನು ಹುಡುಕುತ್ತಿದ್ದರು.

ಹೀಗೆ ಕುಂದಲಹಳ್ಳಿಯ ನಮ್ಮ ಹೆಂಚಿನ ಮನೆಯ ಅಟ್ಟ ತುಂಬಿತು. ಹುಂಜದ ಆಕಾರದ ಚಿಲಕವಿದ್ದ ಇದ್ದಿಲು ಇಸ್ತ್ರಿಪೆಟ್ಟಿಗೆಗಳು, ಬಕೆಟ್ಟಿನೊಳಗೆ ಬಟ್ಟೆ ಕುಕ್ಕಲು ಉದ್ದ ಹಿಡಿಯ, ಗಂಟೆಯಾಕಾರದ ತಾಮ್ರದ ಕುಕ್ಕುಗೋಲು, ಎರಡು ಮರದ ಉರುಳೆಗಳ ನಡುವೆ ಸೀರೆ ತೂರಿಸಿ ಹಿಡಿ ತಿರುಗಿಸಿದರೆ ನೀರು ಹಿಂಡುವ ಯಂತ್ರ. ಇಟ್ಟು ನೋಡಿ ಸಂತೋಷಪಡುವ ಜಾತಿ ಇವರದಲ್ಲ. ಬಳಸದಿದ್ದರೆ ಯಂತ್ರ ಸಾಯುತ್ತದೆ ಎಂದು ನಮ್ಮ ಕೈಯಲ್ಲೇ ಎಲ್ಲವನ್ನೂ ಬಳಸಿಸುತ್ತಿದ್ದರು. ಅವುಗಳಿಗೆ ಎಣ್ಣೆ ಹಾಕುವಷ್ಟು ಶ್ರದ್ಧೆಯಿಂದ ತಮ್ಮ ತಲೆಗೇ ಎಂದೂ ಎಣ್ಣೆ ಹಾಕಿಕೊಂಡವರಲ್ಲ. ಮದುವೆಯಾದರೆ ಹುಚ್ಚು ಬಿಡುತ್ತದೆ ಎಂದು ನಮ್ಮ ಅತ್ತೆ ನಂಬಿದ್ದರಂತೆ. ಪಾಪ, ಏನು ಮಾಡುವುದು.

ಹೆರಿಗೆ ಮುಗಿಸಿಕೊಂಡು ಐದು ತಿಂಗಳ ಮಗಳನ್ನೆತ್ತಿಕೊಂಡು ತವರಿನಿಂದ ಬಂದಾಗ, ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಬಟ್ಟೆ ಒಗೆಯುವ ಕರೆಂಟಿನ ಮೆಷಿನ್ನು ನಿಂತಿತ್ತು. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ನಾಲ್ಕು ಕಾಲಿನ ಮೇಲೆ ತಿಳಿಹಸಿರು ಬಣ್ಣದ ಕಬ್ಬಿಣದ ತೊಟ್ಟಿ, ಕೆಳಗೆ ಮೋಟಾರು, ಮೇಲೆ ಹಿಂಡುವ ಉರುಳೆ. ಅತ್ತೆ ಅದಕ್ಕೆ ‘ಕಾಲು ಬಂದ ಹಂಡೆ’ ಎಂದು ಹೆಸರಿಟ್ಟು, ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಮಗುವಿನ ಬಟ್ಟೆಗಳ ರಾಶಿ ನಿನಗೆ ಕಷ್ಟವಾಗಬಾರದು ಅಂತಲೇ ಇದನ್ನು ತಂದಿದ್ದು ಎಂದು ಇವರು ಹೇಳಿದಾಗ ನನಗೂ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಆ ಖುಷಿ ತೊಟ್ಟಿಯ ಅಂಚು ಮುಟ್ಟುವವರೆಗೆ. ಒದ್ದೆ ಕೈ ತಾಗಿದ್ದೇ ತಡ, ಬೆರಳಿನಿಂದ ಮೊಣಕೈವರೆಗೆ ಜುಮ್ ಎಂದಿತು. ನಾನು ಕಿರುಚಿಕೊಂಡು ಹಿಂದಕ್ಕೆ ಹಾರಿದೆ. ಇವರು ನಕ್ಕರು. ಟೆಸ್ಟರ್ ತಂದು ತೊಟ್ಟಿಗೆ ಒತ್ತಿ, ಅದರೊಳಗಿನ ಮಂಕು ಬೆಳಕು ತೋರಿಸಿದರು. ಹಳೇ ವೈರು, ಚೂರು ಸೋರುತ್ತದೆ, ಇದರಿಂದ ಇರುವೆಯೂ ಸಾಯುವುದಿಲ್ಲ ಎಂದರು. ಮೆಷಿನ್ನು ಓಡುವಾಗ ರಬ್ಬರ್ ಚಪ್ಪಲಿ ಮೆಟ್ಟಿ ಮರದ ಹಲಗೆಯ ಮೇಲೆ ನಿಂತರೆ ಆಯಿತು, ಅಷ್ಟೇ.

ಅಷ್ಟೇ! ಅವರು ಕಂಡದ್ದು ಟೆಸ್ಟರಿನ ಬೆಳಕು. ನಾನು ಕಂಡದ್ದು ಬೇರೆ. ನಾನಿನ್ನೂ ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ ತವರಿನ ತೋಟದ ಪಂಪ್‌ಸೆಟ್ ಮನೆಯಲ್ಲಿ ಚಿಕ್ಕಪ್ಪ ಸ್ಟಾರ್ಟರಿಗೆ ಕೈ ಹಾಕಿದವರು ಅಲ್ಲೇ ಅಂಟಿಕೊಂಡರು. ಚಿಕ್ಕಮ್ಮ ಓಡಿಹೋಗಿ ಅವರ ತೋಳು ಎಳೆದರು. ಎಳೆದವರಿಗೂ ಬಿಡಲಾಗಲಿಲ್ಲ. ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಮಲಗಿಸಿದ್ದನ್ನು ನೋಡಿದವಳು ನಾನು. ಅವರಿಗೂ ಮೊದಮೊದಲು ಬರೀ ಜುಮ್ ಎನ್ನುತ್ತಿತ್ತಂತೆ. ಇದನ್ನೆಲ್ಲ ಹೇಳಿದರೆ ಇವರು, ಅದು ಮೂರು ಫೇಸ್ ಕರೆಂಟು ಕಣೆ, ಇದಕ್ಕೂ ಅದಕ್ಕೂ ಹೋಲಿಸಬೇಡ ಎಂದು ಪಾಠ ಹೇಳಿದರು. ಹೆದರುವವರ ಮೇಲೆ ಹಾವು ಎಸೆದರಂತೆ, ಹಾಗಿತ್ತು ನನ್ನ ಪಾಡು. ಚಪ್ಪಲಿ ಮೆಟ್ಟಿ, ಹಲಗೆಯ ಮೇಲೆ ನಿಂತು, ಬಿದಿರು ಕೋಲಿನಲ್ಲಿ ಬಟ್ಟೆ ಎತ್ತುತ್ತಿದ್ದೆ.

ಈ ನಡುವೆ ನನ್ನನ್ನು ಬೇರೊಂದು ಸಂಕಟ ಕೊರೆಯುತ್ತಿತ್ತು. ನಮ್ಮ ಅತ್ತೆ ಕೂಸುಗಳಿಗೆ ನೀರು ಹಾಕುವುದರಲ್ಲಿ ಸುತ್ತಮುತ್ತೆಲ್ಲ ಹೆಸರಾದವರು. ಕಾಲು ಚಾಚಿ ಕೂತು, ಎಳೇ ಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರೆ ಎಂಥ ಅಳುಬುರುಕ ಕೂಸೂ ನಿದ್ದೆ ಹೋಗುತ್ತಿತ್ತಂತೆ. ಊರಿನ ಅರ್ಧ ಮಕ್ಕಳು ಅವರ ಕಾಲ ಮೇಲೆ ಮಿಂದವರು. ಅಂಥವರು ತಮ್ಮ ಮೊಮ್ಮಗಳನ್ನು ಮುಟ್ಟಲಿಲ್ಲ. ಸೊಂಟ ನೋವು ಎಂದರು, ಕಣ್ಣು ಮಂಜು ಎಂದರು. ಎತ್ತಿಕೊಳ್ಳಿ ಎಂದು ಕೊಡಲು ಹೋದರೆ ಕೊಟ್ಟಿಗೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹೆಣ್ಣು ಹುಟ್ಟಿತೆಂದು ಮುನಿಸು ಎಂದು ಪಕ್ಕದ ಮನೆಯಾಕೆ ಬಾವಿಕಟ್ಟೆಯಲ್ಲಿ ನನ್ನ ಕಿವಿ ಊದಿದಳು. ನಾನು ನಂಬಲೂ ಇಲ್ಲ, ಬಿಡಲೂ ಇಲ್ಲ. ಮಗುವಿಗೆ ನಾನೇ ಅಳುಕುತ್ತ ನೀರು ಹಾಕುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ, ಇನ್ನು ಮೇಲೆ ಮೆಷಿನ್ನಿನ ಬಟ್ಟೆ ನಾನೇ ನೋಡಿಕೊಳ್ಳುತ್ತೇನೆ ಎಂದುಬಿಟ್ಟರು. ಕಾಲು ಬಂದ ಹಂಡೆಯ ಮೇಲೆ ಇದ್ದಕ್ಕಿದ್ದಂತೆ ಇದೆಂಥ ಪ್ರೀತಿ? ಇವರಂತೂ ಹಿಗ್ಗಿ ಹೋದರು. ನಾನು ಅತ್ತೆಗೆ ಚಪ್ಪಲಿ, ಹಲಗೆ ಎಲ್ಲ ತೋರಿಸಿ ಒತ್ತಿ ಒತ್ತಿ ಹೇಳಿದೆ. ತಲೆಯಾಡಿಸಿದರು. ಆದರೆ ಬಟ್ಟೆ ಹರವಲು ಹೋದಾಗಲೆಲ್ಲ ನಾನು ನೋಡುತ್ತಿದ್ದೆ: ಚಪ್ಪಲಿ ಬಾಗಿಲ ಬಳಿಯೇ ಬಿದ್ದಿರುತ್ತಿತ್ತು. ಹಲಗೆ ಗೋಡೆಗೆ ಒರಗಿ ಒಣಗಿಕೊಂಡೇ ಇರುತ್ತಿತ್ತು. ಕೇಳಿದರೆ ಮರೆತೆ ಎನ್ನುತ್ತಿದ್ದರು. ಹೊಲದಲ್ಲಿ ಹುಟ್ಟಾ ಬರಿಗಾಲಲ್ಲಿ ನಡೆದ ಜೀವ, ಮರೆಯಲೂಬಹುದು. ಆದರೂ ಆ ಮೋಟಾರು ಗುಂಯ್ ಎನ್ನಲು ಶುರುವಾದರೆ ನನಗೆ ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹಿತ್ತಲ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದೆ.

ಕೊನೆಗೆ ನಾನು ಹಟ ಹಿಡಿದೆ. ಒಂದೋ ಆ ಮೆಷಿನ್ನು ಸರಿಮಾಡಿ, ಇಲ್ಲವೇ ನನ್ನನ್ನು ತವರಿಗೆ ಕಳಿಸಿ ಎಂದೆ. ಇವರು ಗೊಣಗುತ್ತ ಹಿತ್ತಲಲ್ಲಿ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ತೊಟ್ಟಿಯ ಕಾಲಿನ ಬೋಲ್ಟಿಗೆ ಹಸಿರು ವೈರು ಬಿಗಿದರು. ಸೋರುವ ಕರೆಂಟೆಲ್ಲ ಇನ್ನು ಭೂಮಿತಾಯಿಗೆ ಎಂದರು. ನಾನು ಹೆದರುತ್ತಲೇ ಬೆರಳಿನ ಬೆನ್ನು ತಾಗಿಸಿ ನೋಡಿದೆ. ಏನೂ ಇಲ್ಲ, ತಣ್ಣನೆಯ ಕಬ್ಬಿಣ. ಅಬ್ಬ, ಬದುಕಿದೆ ಅಂದುಕೊಂಡೆ.

ಅತ್ತೆ ಮಾತ್ರ ಮಂಕಾದರು. ಊಟ ಸೇರದು, ಮಾತು ಬೇಡ. ಕೆಲವು ದಿನ ಕಳೆದು ಮತ್ತೆ ಗೆಲುವಾದರು. ಅದೇ ದಿನ ತೊಟ್ಟಿಯ ಅಂಚು ನನಗೆ ತಾಗಿ ಜುಮ್ ಎಂದಿತು. ಬಗ್ಗಿ ನೋಡಿದರೆ ಹಸಿರು ವೈರಿನ ತುದಿ ಬೋಲ್ಟಿನಿಂದ ಕಳಚಿ ನೆಲದ ಮೇಲೆ ಬಿದ್ದಿದೆ. ಮೋಟಾರಿನ ನಡುಕಕ್ಕೆ ಸಡಿಲವಾಗಿರಬೇಕು ಎಂದು ಇವರು ಮತ್ತೆ ಬಿಗಿದರು. ಮತ್ತೆ ಕಳಚಿತು. ಇನ್ನೂ ಗಟ್ಟಿಯಾಗಿ ಬಿಗಿದರು. ಕಾರ್ಖಾನೆಯಲ್ಲಿ ಮಣಗಟ್ಟಲೆ ತೂಕದ ಮೆಷಿನ್ನುಗಳನ್ನು ಅಲುಗಾಡದಂತೆ ಕೂರಿಸುವ ಮನುಷ್ಯನಿಗೆ ಮನೆಯ ಒಂದು ಬೋಲ್ಟು ನಿಲ್ಲಿಸಲಾಗಲಿಲ್ಲ. ನನಗೆ ಆಗ ಬೇರೆಯೇ ಭಯ ಹತ್ತಿತು. ಯಾರೋ ಬೇಕೆಂದೇ ಬಿಚ್ಚುತ್ತಿದ್ದಾರೆ. ಮನೆಯಲ್ಲಿ ಇರುವುದೇ ನಾವು ಮೂವರು ದೊಡ್ಡವರು. ಅತ್ತೆ ಯಾಕೆ ಹೀಗೆ ಮಾಡುತ್ತಾರೆ? ಜೀವ ಬೇಸರವಾಗಿದೆಯೇ? ಇವರ ಹತ್ತಿರ ಬಾಯಿಬಿಟ್ಟು ಹೇಳುವುದು ಹೇಗೆ, ನಿಮ್ಮ ತಾಯಿ ಸಾಯಲು ನೋಡುತ್ತಿದ್ದಾರೆ ಅಂತಲೇ?

ಇವರು ಬೆಳಗಿನ ಪಾಳಿಗೆ ಸೈಕಲ್ ಹತ್ತಿ ಹೋದ ಒಂದು ದಿನ, ಮಗು ತೊಟ್ಟಿಲಲ್ಲಿ ಮಲಗಿತ್ತು. ಮೋಟಾರು ಗುಂಯ್ ಎನ್ನುವುದು ಕೇಳಿ ಹಿತ್ತಲ ಬಾಗಿಲಿಗೆ ಬಂದೆ. ಅತ್ತೆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಲಗೈ ಪೂರ್ತಿ ತೊಟ್ಟಿಯ ಅಂಚಿನ ಮೇಲೆ. ಕಣ್ಣು ಮುಚ್ಚಿದೆ. ಆ ತೋಳು ಸಣ್ಣಗೆ ಅದುರುತ್ತಿದೆ. ಹಸಿರು ವೈರು ಅವರ ಪಾದದ ಪಕ್ಕದಲ್ಲೇ ಬಿದ್ದಿದೆ.

ಕಾಲು ತಾನಾಗಿಯೇ ಅವರತ್ತ ಹೋಯಿತು, ಕೈ ಮುಂದೆ ಚಾಚಿತು. ಆ ತೋಳಿಗೂ ನನ್ನ ಬೆರಳಿಗೂ ನಡುವೆ ಗೇಣು ಅಂತರ ಇದ್ದಾಗ ಚಿಕ್ಕಮ್ಮನ ನೆನಪು ಬಂತು. ಮುಟ್ಟಿದರೆ ಇಬ್ಬರೂ. ಒಳಗೆ ಕೂಸು ಒಂದೇ. ನಾನು ಕೈ ಹಿಂದಕ್ಕೆಳೆದುಕೊಂಡೆ. ಆ ಗಳಿಗೆಯಷ್ಟು ನಾನು ಜೀವಮಾನದಲ್ಲಿ ಯಾವತ್ತೂ ಹೆದರಿಲ್ಲ. ತಿರುಗಿ ಒಳಗೆ ಓಡಿ ಅಡುಗೆಮನೆಯ ಗೋಡೆಯಲ್ಲಿದ್ದ ಮೆಷಿನ್ನಿನ ಸ್ವಿಚ್ಚು ಆರಿಸಿದೆ. ಮೋಟಾರು ನಿಂತಿತು. ಹೊರಗೆ ಏನಾದರೂ ದೊಪ್ಪೆಂದು ಬೀಳುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ನಿಂತೆ. ಬಾಗಿಲಿಗೆ ಹೋಗಿ ನೋಡಲು ಧೈರ್ಯವೇ ಬರಲಿಲ್ಲ.

“ಯಾಕವ್ವಾ, ಕರೆಂಟ್ ಓಯ್ತಾ?” ಎಂದು ಅತ್ತೆಯ ದನಿ ಕೇಳಿತು.

ಹೊರಗೆ ಹೋದವಳೇ ಬಾಯಿಗೆ ಬಂದಂತೆ ಬೈದೆ. ಅತ್ತೆ ಎನ್ನುವ ಮರ್ಯಾದೆಯನ್ನೂ ನೋಡಲಿಲ್ಲ. ಸಾಯುವುದಿದ್ದರೆ ಬೇರೆ ಎಲ್ಲಾದರೂ ಹೋಗಿ ಸಾಯಿರಿ, ನನ್ನ ಕಣ್ಣೆದುರು ಬೇಡ ಎಂದು ಅಳುತ್ತ ಕೂಗಿದೆ. ಅವರು ಬೆಪ್ಪಾಗಿ ನನ್ನನ್ನೇ ನೋಡಿದರು. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

“ಸಾಯಾಕಲ್ಲ ಕಣವ್ವಾ. ಈ ಕೈ ಸ್ವಾದೀನ ಇಲ್ಲ. ಸುಗ್ಗಿ ಮುಗುದಾಗಿಂದ್ಲೂ ಇಂಗೇ. ಬೆಳ್ಳು ಐತೋ ಇಲ್ವೋ ಗೊತ್ತಾಗಾಕಿಲ್ಲ. ಇಂತಾ ಕೈನಾಗೆ ಕೂಸ್‌ನ ಎಂಗೆ ಎತ್ಲಿ? ಜಾರಿಬಿಟ್ರೆ?”

ಯಾರಿಗೂ ಹೇಳಿರಲಿಲ್ಲ. ನಮ್ಮ ಬೀದಿಯ ಒಬ್ಬ ಮುದುಕರಿಗೆ ಲಕ್ವ ಹೊಡೆದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟು ಕೈ ಎಬ್ಬಿಸಿದ್ದರಂತೆ. ಅದನ್ನು ಕೇಳಿಸಿಕೊಂಡಿದ್ದ ಅತ್ತೆ, ಅದೇ ಕರೆಂಟು ಮನೆಯಲ್ಲೇ ಇದೆಯಲ್ಲ ಎಂದುಕೊಂಡಿದ್ದರು. ತೊಟ್ಟಿ ಮುಟ್ಟಿದಾಗ ಮಾತ್ರ ಆ ಕೈ ಇದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಮಗ ಹಸಿರು ವೈರು ಹಾಕಿದ ಮೇಲೆ ಅದೂ ಹೋಯಿತು. ಅದಕ್ಕೇ ಎಡಗೈಯಲ್ಲಿ ಇಕ್ಕಳ ಹಿಡಿದು ಒದ್ದಾಡಿ ಬೋಲ್ಟು ಸಡಿಲಿಸುತ್ತಿದ್ದರು.

ಆ ಸಂಜೆ ಇವರು ಬರುವ ಹೊತ್ತಿಗೆ ನಾನು ಪ್ಲಗ್ ಕಿತ್ತು, ಕುಡುಗೋಲಿನಲ್ಲಿ ಮೆಷಿನ್ನಿನ ವೈರನ್ನೇ ಕತ್ತರಿಸಿ ಬಿಸಾಕಿದ್ದೆ. ಇವರು ರೇಗುತ್ತಾರೆಂದು ಮಾತು ಹೊಂದಿಸಿಕೊಂಡಿದ್ದೆ. ವಿಷಯ ತಿಳಿದ ಮೇಲೆ ಅವರು ಹಿತ್ತಲಿಗೆ ಹೋಗಿ ಆ ಒದ್ದೆ ಕಲ್ಲನ್ನು ನೋಡಿ ಬಂದರು. ಮಾರನೆಯ ದಿನ ರಜೆ ಹಾಕಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಚೆನ್ನಾಗಿ ಬೈದು, ನರ ಸೊರಗಿದೆ, ಮಾತ್ರೆ ಕೊಡುತ್ತೇನೆ, ಕೈ ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರಂತೆ. ಅತ್ತೆ ಬಸ್ಸಿಳಿದು ಬಂದವರು ತೊಟ್ಟಿಲ ಕಡೆಗೂ ನೋಡದೆ ಕೊಟ್ಟಿಗೆಗೆ ಹೋದರು.

ಮುಂದಿನ ಭಾನುವಾರ ನಾನು ಅವರನ್ನು ಕೇಳಲಿಲ್ಲ. ಹಂಡೆಗೆ ಉರಿ ಹಾಕಿ, ಎಣ್ಣೆ ಬೆಚ್ಚಗೆ ಮಾಡಿ, ಬಚ್ಚಲಲ್ಲಿ ಮಣೆ ಇಟ್ಟು, ಅತ್ತೆಯನ್ನು ರೆಟ್ಟೆ ಹಿಡಿದು ತಂದು ಕೂರಿಸಿದೆ. ನೀರು ಹುಯ್ಯಲು ಇವರನ್ನು ಕರೆದೆ. ಚೊಂಬು ಹಿಡಿದು ಬಾಗಿಲಲ್ಲಿ ಕಂಬದಂತೆ ನಿಂತರು. ಅತ್ತೆ ಬೇಡ ಬೇಡ ಎನ್ನುತ್ತಲೇ ಇದ್ದರು. ಹಾಗೆನ್ನುತ್ತಲೇ ಸೀರೆ ಮೇಲೆತ್ತಿ ಕಾಲು ಚಾಚಿದರು. ಮಗುವನ್ನು ಅವರ ಕಾಲ ಮೇಲೆ ಬೋರಲು ಮಲಗಿಸಿದೆ. ಎಡಗೈ ಎಣ್ಣೆಯಲ್ಲಿ ಅದ್ದಿ ಬೆನ್ನಿಗೆ ಹಚ್ಚಿದರು. ಬಲಗೈಯನ್ನು ತಲೆಯ ಕಡೆ ತಂದವರು ಅಲ್ಲೇ ನಿಲ್ಲಿಸಿದರು. ಎಣ್ಣೆಯಾದ ಮಗು ಜಾರುತ್ತಿತ್ತು. ನಾನು ಅದರ ತೋಳು ಹಿಡಿಯಲು ಹೋದೆ.

“ಕೂಸ್‌ನ ಇಡೀಬ್ಯಾಡ,” ಎಂದರು ಅತ್ತೆ. “ನನ್ ಕೈನ ಇಡ್ಕೊ.”

ಹಿಡಿದುಕೊಂಡೆ. ಮಗುವಿನ ಎದೆಯ ಕೆಳಗೆ ಅವರ ಕೈ, ಅದರ ಕೆಳಗೆ ನನ್ನದು. ಇವರು ಮೊದಲ ಚೊಂಬು ನೀರು ಹುಯ್ದರು. ನನ್ನ ಕೈ ಗಡಗಡ ನಡುಗುತ್ತಿತ್ತು. ಅತ್ತೆಗೆ ಅದು ಗೊತ್ತಾಗಲಿಲ್ಲ.