ಹೊಳೆಯ ದಡದಲ್ಲಿ ನಿಂತ ಪದ

ಮೊನ್ನೆ ಚನ್ನಪಟ್ಟಣದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದಿಟ್ಟರು. ಆ ಹಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ಹೊಂಗನೂರಿನ ನಮ್ಮ ರೇಷ್ಮೆ ಹುಳುಮನೆಯಲ್ಲಿ ನಾನು ಮತ್ತೆ ಏಳು ವರ್ಷದವಳಾಗಿ ನಿಂತಿದ್ದೆ. ಆ ಮನೆ ಈಗಿಲ್ಲ. ಅಲ್ಲಿ ಬಿದಿರ ತಟ್ಟೆಗಳಿಗೆ ಸೊಪ್ಪು ಹರಡುತ್ತ ಅಜ್ಜಿ ಪದ ಎತ್ತುತ್ತಿದ್ದಳು. ಅಪ್ಪನ ತಂಗಿ ಜಯತ್ತೆ ಸೊಲ್ಲು ಹಿಡಿದು ಹಿಂದೆಯೇ ಹೋಗುತ್ತಿದ್ದಳು. ಯಾವ ದನಿ ಯಾರದೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಬಂದವಳು ಜಯತ್ತೆ. ಊರಿನ ಮದುವೆಗಳಲ್ಲಿ ಸೋಬಾನೆ ಹಾಡಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹುಳುಗಳ ಮುಂದೆ ಮಾತ್ರ ಹಾಡುತ್ತಿದ್ದಳು.

ಅದನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡ ನಮ್ಮ ಶಾಲೆಯ ಮೇಷ್ಟ್ರು ರಾಮನಗರದ ಜಾನಪದ ಸ್ಪರ್ಧೆಗೆ ಕರೆದರು. ಅಪ್ಪ ಬೇಡವೆಂದ. ಅಜ್ಜಿ ತನ್ನ ಹಸಿರು ಸೀರೆಯನ್ನು ತಂದು ಮಗಳ ಮಡಿಲಿಗೆ ಹಾಕಿ, "ಚಪ್ರದಲ್ಲಿ ಬ್ಯಾಡ ಅಂದೋರು ಮೈಕಲ್ಲಿ ಕೇಳ್ಲಿ. ಓಗವ್ವ" ಎಂದಳು.

ಜಯತ್ತೆ ಗೆದ್ದಳು. ಕನಕಪುರ, ಮಾಗಡಿ, ಆಮೇಲೆ ಟೀವಿ. ಬೇಡವೆಂದಿದ್ದ ಅಪ್ಪನೇ ಪಕ್ಕದ ಮನೆಯವರನ್ನೆಲ್ಲ ಕರೆದು ಟೀವಿಯ ಮುಂದೆ ಕೂರಿಸಿದ. ಕಾರ್ಯಕ್ರಮಗಳ ನಡುವೆ ಜಯತ್ತೆ ಊರಿಗೆ ಬಂದಾಗಲೆಲ್ಲ ಹೊರಗೆ ಕಾರು ಕಾಯುತ್ತಿರುತ್ತಿತ್ತು. ಅಜ್ಜಿಯ ಪದಗಳಲ್ಲಿ ತವರಿಗೆ ಹೊರಟ ಹೆಣ್ಣೊಬ್ಬಳ ದೊಡ್ಡ ಪದವೊಂದಿತ್ತು. ಅವಳು ತುಂಬಿದ ಹೊಳೆಯ ದಡ ಮುಟ್ಟುವವರೆಗೆ ಮಾತ್ರ ಜಯತ್ತೆಗೆ ಬರುತ್ತಿತ್ತು.

"ಒಸಿ ಕುಂತ್ಕಳವ್ವ, ಮಿಕ್ಕಿದ್ದ ಯೇಳ್ಕೊಡ್ತೀನಿ" ಎನ್ನುತ್ತಿದ್ದಳು ಅಜ್ಜಿ.

"ಮುಂದಿನ್ ಸಲ ಬತ್ತೀನಿ ಕಣವ್ವ, ಎರಡು ದಿನ ಇದ್ದೇ ಓಯ್ತೀನಿ."

ಮುಂದಿನ ಸಲ ಬರುವಷ್ಟರಲ್ಲಿ ಅಜ್ಜಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಜಯತ್ತೆ ಮಂಚದ ಪಕ್ಕ ಕೂತು, ಆ ಪದವನ್ನು ಹೊಳೆಯವರೆಗೆ ಹಾಡಿ, ಅಜ್ಜಿಯ ಬಾಯಿಗೆ ಕಿವಿಯಿಟ್ಟಳು. ಅಜ್ಜಿಯ ತುಟಿಗಳು ಬಹಳ ಹೊತ್ತು ಆಡಿದವು. ಕಣ್ಣು ತುಂಬಿತು, ಸೊಲ್ಲು ಹೊರಡಲಿಲ್ಲ. ಆ ವಾರವೇ ಅಜ್ಜಿ ಹೋದಳು.

ಈಗ ಜಯತ್ತೆಯ ಕೂದಲೂ ನರೆತಿದೆ. ಹೋದ ತಿಂಗಳು ಕೈಲಾಂಚದಲ್ಲಿ ಅವಳು ಹಾಡುವಾಗ ನಾನೂ ಹೋಗಿದ್ದೆ. ಹೊಳೆಯ ದಡಕ್ಕೆ ಬಂದು ಪದ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಆಮೇಕೆ ಆ ಹೆಣ್ಮಗ ತವರು ಸೇರ್ಕೊಂಡ್ಲಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣಮ್ಮ" ಎಂದಳು ಜಯತ್ತೆ. "ಗೊತ್ತಿದ್ದೋಳ ಪಕ್ಕ ನಾನು ಕುಂತ್ಕಳ್ಲಿಲ್ಲ."

ತಮಟೆಯವನು ಕೈ ಕೆಳಗಿಳಿಸಿ, ತಲೆ ತಗ್ಗಿಸಿ ಕೂತ.