ಕಾಂಪೌಂಡರ ಮೇಲೆ ಕಟ್ಟಿದ ಇಂಗ್ಲಿಷ್ ವಾಕ್ಯ

ಒಬ್ಬ ನಿರಪರಾಧಿಯ ಅನ್ನವನ್ನು ನಾನು ಒಂದು ಇಂಗ್ಲಿಷ್ ವಾಕ್ಯದಿಂದ ಕಿತ್ತುಕೊಂಡೆ. ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಹೇಳದೆ ಎದ್ದಿದ್ದೇನೆ. ಹೆಂಡತಿ ಇದ್ದಾಗ ಅವಳಿಗೆ ಹೇಳಬಹುದಿತ್ತು — ಹೇಳಲಿಲ್ಲ. ಮಕ್ಕಳು ದೊಡ್ಡವರಾಗಲಿ ಎಂದುಕೊಂಡೆ. ಈಗ ಅವರ ತಲೆಯೂ ನರೆತಿದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹೈಸ್ಕೂಲು ಮುಗಿಸಿ, ಇಟ್ಟಿಗೆಗೂಡು ಬಡಾವಣೆಯ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಇಂಗ್ಲಿಷ್ ಸರಾಗವಾಗಿ ಬಂದರೆ ಗುಮಾಸ್ತನಾಗಬಹುದೆಂಬ ಆಸೆ. ಶನಿವಾರ ಸಂಜೆ ಹತ್ತಿರದ ಶಾಲೆಯೊಂದರಲ್ಲಿ, ಹೊರದೇಶದಿಂದ ಬಂದಿದ್ದ ಒಬ್ಬ ನರ್ಸಮ್ಮ ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡುತ್ತಿದ್ದರು — ಯಾವ ಯಾವ ದೇಶದಲ್ಲಿ ಸಿಡುಬು, ಮಲೇರಿಯಾ ಹೇಗೆ ಹರಡುತ್ತವೆ, ಜನ ಹೇಗೆ ತಡೆಯುತ್ತಾರೆ ಎಂದು. ನಮಗೆ ಲೋಕದ ಆರೋಗ್ಯಕ್ಕಿಂತ ಅವರ ಬಾಯಿಂದ ಉದುರುವ ಪದಗಳ ಮೇಲೆ ಕಣ್ಣು. ಅದು ಅವರಿಗೂ ಗೊತ್ತಿತ್ತು. ಕೊನೆಯಲ್ಲಿ ಹೊಸ ಪದವನ್ನು ಬೋರ್ಡಿನ ಮೇಲೆ ಬರೆದು, ಒಬ್ಬೊಬ್ಬರನ್ನೇ ನಿಲ್ಲಿಸಿ ವಾಕ್ಯ ಮಾಡಿಸುತ್ತಿದ್ದರು. ವಾಕ್ಯ ನಮ್ಮ ಬೀದಿಯದೇ ಆಗಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬಾರದು — ಅದು ಅವರ ಕಟ್ಟುಪಾಡು.

ಅವತ್ತು ಇಂಜೆಕ್ಷನ್ನಿನ ವಿಷಯ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಕುದಿಸದೆ ಇನ್ನೊಬ್ಬರಿಗೆ ಚುಚ್ಚಿದರೆ ರೋಗವೂ ಜೊತೆಗೆ ಹೋಗುತ್ತದೆ ಎಂದು ಹೇಳಿ, 'ಸ್ಟೆರಿಲೈಜ್' ಎಂದು ಬರೆದರು. ನನಗಿಂತ ಮೊದಲು ನಿಂತವರು ಡಾಕ್ಟರು ಸೂಜಿ ಕುದಿಸುವುದನ್ನೂ ಸೂಲಗಿತ್ತಿ ಕತ್ತರಿ ಕುದಿಸುವುದನ್ನೂ ಹೇಳಿಬಿಟ್ಟರು. ನನ್ನ ಸರದಿ ಬರುವಾಗ ಒಳ್ಳೆಯದೆಲ್ಲ ಮುಗಿದಿತ್ತು. ಅವರ ವಾಕ್ಯವನ್ನೇ 'ಇಲ್ಲ' ಎಂದು ತಿರುಗಿಸಿ ಹೇಳಿದೆ — "ಅವರ್ ಕಾಂಪೌಂಡರ್ ಡಸ್ ನಾಟ್ ಸ್ಟೆರಿಲೈಜ್ ದಿ ನೀಡಲ್." ನಮ್ಮ ಕಾಂಪೌಂಡರ್ ಸೂಜಿ ಕುದಿಸುವುದಿಲ್ಲ.

"ವೆರಿ ಗುಡ್!" ಎಂದರು ನರ್ಸಮ್ಮ. ಚಪ್ಪಾಳೆಯೂ ಬಿತ್ತು. ಆದರೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಲ್ತ್ ಇನ್ಸ್‌ಪೆಕ್ಟರು ತಿರುಗಿ ಕನ್ನಡದಲ್ಲಿ ಕೇಳಿದರು: "ಇಟ್ಟಿಗೆಗೂಡಿನ ಕಾಂಪೌಂಡರ್ರೇನಯ್ಯಾ? ನೀನೇ ಕಣ್ಣಾರೆ ನೋಡಿದ್ದೀಯಾ?"

'ಸುಮ್ಮನೆ ಅಭ್ಯಾಸಕ್ಕೆ ಹೇಳಿದೆ ಸಾರ್' — ಇಷ್ಟು ಹೇಳಿದ್ದರೆ ಸಾಕಿತ್ತು. ಕನ್ನಡದಲ್ಲೇ ಕೇಳಿದ್ದರು, ಪದ ಸಿಗಲಿಲ್ಲ ಎನ್ನುವಂತೆಯೂ ಇಲ್ಲ. ಆದರೆ ಆ ಚಪ್ಪಾಳೆ... "ಹೌದು ಸಾರ್" ಎಂದೆ.

ಕಾಂಪೌಂಡರ್ ನಮ್ಮ ಬೀದಿಯವರೇ. ಖಾಸಗಿ ಡಾಕ್ಟರೊಬ್ಬರ ಕೈಕೆಳಗೆ ಔಷಧಿ ಬೆರೆಸಿ ಕೊಡುವ ಕೆಲಸ. ಬಿಡುವಿನಲ್ಲಿ ಮನೆಮನೆಗೆ ಬಂದು ಇಂಜೆಕ್ಷನ್ ಕೊಡುತ್ತಿದ್ದರು. ನನ್ನ ತಾಯಿ ಜ್ವರದಲ್ಲಿ ಮಲಗಿದ್ದಾಗ ನಮ್ಮ ಒಲೆಯ ಮೇಲೇ ಸೂಜಿ ಕುದಿಸಿದ್ದರು. ಒಲೆ ಊದಿದವನು ನಾನು. ಪಕ್ಕದ ಮನೆಯ ಅಜ್ಜಿ ಇಣುಕಿ ನೋಡಿ, "ಏನ್ ಕಾಂಪೌಂಡ್ರೇ, ಸೂಜಿ ಬೇಯಿಸ್ತಿದ್ದೀರೋ, ಬೇಳೆ ಬೇಯಿಸ್ತಿದ್ದೀರೋ? ಒಗ್ಗರಣೆ ಹಾಕ್ಬುಡ್ಲಾ?" ಎಂದು ರೇಗಿಸಿದ್ದರು. "ಹಾಕ್ಬುಡಿ ಅಜ್ಜಮ್ಮ, ಮೊದ್ಲು ನಿಮ್ಗೇ ಬಡಿಸ್ತೀನಿ" ಎಂದು ಅವರು ನಕ್ಕಿದ್ದರು. ಇದೆಲ್ಲ ಗೊತ್ತಿದ್ದೇ ನಾನು ಹೌದು ಎಂದದ್ದು.

ಆ ವಾರವೇ ಮಾತು ಡಾಕ್ಟರಿಗೆ ಮುಟ್ಟಿತು. 'ನಿಮ್ಮ ಬೀದಿಯ ಹುಡುಗನೇ ನೋಡಿದ್ದಾನಂತೆ' ಎಂದು ನನ್ನ ಹೆಸರು ಹೇಳಿ ಕಾಂಪೌಂಡರನ್ನು ಕೆಲಸದಿಂದ ಬಿಡಿಸಿದರು. ಸಂಜೆ ಅವರು ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಜಗಲಿಯ ಮೇಲೆ ಕುಳಿತು ಮೆಲ್ಲಗೆ ಹೇಳಿದರು:

"ನೀನು ನೋಡ್ದೆ ಅಂದ್ಮೇಲೆ ಇರ್ಬೋದು ಕಣಪ್ಪ. ಆತುರದಲ್ಲಿ ಎಲ್ಲೋ ತಪ್ಪಿರ್ತೀನಿ. ಯಾರ ಮನೇಲಿ ಅಂತ ಹೇಳ್ಬುಡು. ಅವರ ತೋಳು ಎಂಗದೆ ಅಂತ ನೋಡ್ಕಂಡು ಬತ್ತೀನಿ."

ತಮ್ಮ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದರು. ಆಗಲಾದರೂ ನಾನು — ಇಲ್ಲ. ನೆಲ ನೋಡುತ್ತ "ನೆನಪಿಲ್ಲ" ಎಂದೆ.

ಯಾವ ಮನೆಯೆಂದು ತಿಳಿಯದೆ ಅವರು ಎಲ್ಲ ಮನೆಗಳಿಗೂ ಹೋದರು. "ಚುಚ್ಚಿದ ಜಾಗ ಊದಿತ್ತಾ? ಕಾಮಾಲೆ ಏನಾದ್ರೂ ಬಂತಾ?" ಎಂದು ಬಾಗಿಲು ಬಾಗಿಲಲ್ಲಿ ನಿಂತು ಕೇಳಿದರು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅವರೇ ಬಂದು ಕೇಳಿದ ಮೇಲೆ ಜನಕ್ಕೆ ಇನ್ನೇನು ಬೇಕು? ಅದುವರೆಗೆ ನಂಬದಿದ್ದವರೂ ನಂಬಿದರು. ಅವರನ್ನು ಒಳಗೆ ಕರೆಯುವ ಮನೆ ಒಂದೂ ಉಳಿಯಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟರು. ಎಲ್ಲಿಗೆ ಎಂದು ನಾನು ವಿಚಾರಿಸಲಿಲ್ಲ — ವಿಚಾರಿಸಿದ್ದರೆ ಹೋಗಬೇಕಾಗುತ್ತಿತ್ತು.

ನನಗೆ ಗುಮಾಸ್ತಿಕೆ ಸಿಕ್ಕಿತು. ಇಂಗ್ಲಿಷೂ ಬಂತು. ಚಿಕ್ಕ ವಯಸ್ಸು, ಭಯವಿತ್ತು ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಅವರ ಮಕ್ಕಳೋ ಮೊಮ್ಮಕ್ಕಳೋ ಎಲ್ಲಾದರೂ ಇದನ್ನು ಓದಿದರೆ ತಿಳಿಯಲಿ: ಅವರು ಸೂಜಿಯನ್ನು ಕುದಿಸದೆ ಚುಚ್ಚಿದ್ದನ್ನು ನಾನು ಎಂದೂ ನೋಡಿಲ್ಲ. ನಾನು ಹೇಳಿದ್ದು ಸುಳ್ಳು. ನಾನು ಕ್ಷಮೆ ಕೇಳದೆ ಉಳಿದ ಆ ಮನುಷ್ಯನ ಹೆಸರು ಚಿಕ್ಕಮಾದಯ್ಯ.