ಮೇಷ್ಟ್ರ ಬಿಯರ್ ಪರೀಕ್ಷೆ

ಕ್ರಾಫ್ಟ್ ಬಿಯರ್ ಉತ್ಸವದ ದಿನ ಊರಿನ ಯಾವ ಮೂಲೆಗೆ ಹೋದರೂ ಮೇಷ್ಟ್ರು ಎದುರಾಗುತ್ತಾರೆ. ಪಾಠ ಹೇಳಿದವರೇನಲ್ಲ, ಬಿಯರ್ ಕಾರ್ಖಾನೆಯಲ್ಲಿ ಬಾರ್ಲಿ ಹುರಿಯುತ್ತಲೇ ಕೂದಲು ನರೆತವರು. ಬೆಳಿಗ್ಗೆ ಹಳೆಯ ಗೋದಾಮಿನ ಮಳಿಗೆಗಳು, ಮಧ್ಯಾಹ್ನ ಮೈದಾನದ ಡೇರೆ, ಸಂಜೆ ಹೋಟೆಲಿನ ತಾರಸಿ ಎಂದು ಅವರು ಮುಂದೆ ಮುಂದೆ, ಕಾಲುನೋವೆಂದು ಗೊಣಗುವ ಹೆಂಡತಿ ಹಿಂದೆ ಹಿಂದೆ. ಲೋಟವನ್ನು ಬೆಳಕಿಗೆ ಹಿಡಿದು, ಮನೆ ಕೊಳ್ಳಲು ಬಂದವರಂತೆ ಮೇಲಿಂದ ಕೆಳಗೆ ನೋಡುತ್ತಾರೆ. ಆಮೇಲೆ ಪಕ್ಕದಲ್ಲಿ ನಿಂತವರ ಮೂಗಿನಡಿ ಅದನ್ನು ಒಡ್ಡಿ, "ಏನು ವಾಸನೆ ಬರ್ತಿದೆ, ಹೇಳಿ ನೋಡೋಣ" ಎನ್ನುತ್ತಾರೆ. "ಕಿತ್ತಳೆ ಸಿಪ್ಪೆ ಅಲ್ವಾ ಸಾರ್?" ಎಂದರೆ, "ಹಸಿ ಸಿಪ್ಪೆಯೋ, ಒಣಗಿದ್ದೋ?" ಎಂದು ಮರುಪ್ರಶ್ನೆ. "ಬಂದ್ರಪ್ಪಾ ಮೇಷ್ಟ್ರು, ಎಲ್ಲಾ ಓದ್ಕೊಂಡಿದ್ದೀರಾ ತಾನೆ?" ಎಂದು ಮಳಿಗೆಯವರು ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಬಂದ ಜ್ವರದಲ್ಲಿ ಅವರ ಮೂಗು ಸತ್ತೇಹೋಗಿದೆ, ಎಲ್ಲಾದರೂ ಒಂದು ವಾಸನೆ ಮರಳಿ ಸಿಕ್ಕೀತೆಂದು ಹೀಗೆ ಅಲೆಯುತ್ತಾರೆ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಈ ಸಲ ತಾರಸಿಯ ಕೊನೆಯ ಮಳಿಗೆಯಲ್ಲಿ, ಬಿಯರ್ ಸುರಿದುಕೊಟ್ಟ ಹೆಂಗಸನ್ನು ಬಿಟ್ಟರೆ, ಕೇಳಲು ಬೇರೆ ಯಾರೂ ಇರಲಿಲ್ಲ. ಲೋಟವನ್ನು ಹೆಂಡತಿಯತ್ತಲೇ ಚಾಚಿದರು. ಬಿಯರ್ ಎಂದರೆ ಮುಖ ತಿರುಗಿಸುವ ಆಕೆ ಎರಡು ಸಲ ಮೂಸಿ, "ಅಯ್ಯೋ, ಇದಾ? ನೀವು ಕೆಲಸ ಮುಗ್ಸಿ ಮನೆಗೆ ಬಂದಾಗ ನಿಮ್ಮ ಅಂಗಿ ಹೀಗೇ ಇರ್ತಿತ್ತಲ್ರೀ!" ಎಂದರು. ಮೇಷ್ಟ್ರು ಕಣ್ಣು ಮುಚ್ಚಿ ಅಷ್ಟನ್ನೂ ನಿಧಾನವಾಗಿ ಕುಡಿದು, ಮಳಿಗೆಯ ಹೆಂಗಸಿನ ಕಡೆ ತಿರುಗಿದರು: "ಬಾರ್ಲಿ ಹದವಾಗಿ ಹುರಿದಿದ್ದೀಯ ಕಣಮ್ಮ."